ಇನ್ನೂರೆಪ್ಪತ್ತರ ಮಟಾ

ಲ್ಯಾಪ್‌ಟಾಪನ್ನು ಗಾಜಿನ ಕಪಾಟಿನ ಮೇಲೆ ಇಟ್ಟ ಸದ್ದಿನಲ್ಲಿಯೇ ಬಂದವನು ಜಗಳಕ್ಕೆ ಬಂದಿದ್ದಾನೆಂದು ಮಹೆಕಳಿಗೆ ತಿಳಿಯಿತು. ರಿಪೇರಿಗೆ ತರುವವರು ಯಂತ್ರವನ್ನು ಜ್ವರ ಬಂದ ಕೂಸಿನಂತೆ ಮೆಲ್ಲಗೆ ಇಳಿಸುತ್ತಾರೆ. ಜಗಳಕ್ಕೆ ತರುವವರು ಅದನ್ನು ಕಟಕಟೆಗೆ ಸಾಕ್ಷಿಯನ್ನು ತಂದಂತೆ ತಂದು ನಿಲ್ಲಿಸುತ್ತಾರೆ. ಅವಳು ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿಯನ್ನು ತೆಗೆಯದೆಯೇ ತಲೆಯೆತ್ತಿದಳು. ಆ ಗಾಜಿನೊಳಗೆ ಅವನ ಅಂಗಿಯ ಎರಡನೆಯ ಗುಂಡಿ ತಟ್ಟೆಯಷ್ಟು ದೊಡ್ಡದಾಗಿ ಕಂಡಿತು. ಅದರ ದಾರ ಸಡಿಲಾಗಿತ್ತು.

"ಮೇಡಂ, ನೀವು ಕೊಟ್ಟದ್ದು ಅರ್ಧ ಮಾಲು," ಎಂದನು ಗುಂಡಿಯ ಒಡೆಯ.

ಅವನು ಹುಲಗೂರಿನ ಮುಸ್ತಾಕ. ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು, ಈ ನಾಲ್ಕೂ ತಾಲೂಕುಗಳ ಮದುವೆಗಳಲ್ಲಿ ಕ್ಯಾಮೆರಾ ಹಿಡಿಯುವವನು. ಇಪ್ಪತ್ತು ದಿನಗಳ ಹಿಂದೆ ಅವನ ಹದಿನಾಲ್ಕು ವರ್ಷದ ಹಳೆಯ ಲ್ಯಾಪ್‌ಟಾಪಿನಿಂದ ಗರಗರ ತಿರುಗುವ ಹಾರ್ಡ್ ಡಿಸ್ಕನ್ನು ತೆಗೆದು, ಸದ್ದಿಲ್ಲದ ಹೊಸ ಎಸ್‌ಎಸ್‌ಡಿಯನ್ನು ಕೂಡಿಸಿಕೊಟ್ಟವಳು ಮಹೆಕಳೇ. ಡಬ್ಬಿಯ ಮೇಲೆ ಸೆಕೆಂಡಿಗೆ ಐನೂರೈವತ್ತು ಎಂಬಿ ವೇಗವೆಂದು ಅಚ್ಚಾಗಿತ್ತು. ಯಾರೋ ಗೆಳೆಯನ ಮಾತು ಕೇಳಿ ಅಳೆದು ನೋಡಿದರೆ ಇನ್ನೂರೆಪ್ಪತ್ತರ ಮೇಲೆ ಮುಳ್ಳು ಏರಲೊಲ್ಲದು. ಮಾಲು ನಕಲಿ ಎಂಬುದು ಅವನ ತೀರ್ಪು.

ಇದನ್ನು ಕೂಡಿಸಿದ ದಿನವೇ ತಾನು ಹೇಳಿದ್ದೆನಲ್ಲ ಎಂದಳು ಮಹೆಕ. ಹೇಳಲೇ ಇಲ್ಲವೆಂದನು ಅವನು. ಅವಳಿಗೆ ಆ ದಿನ ಚೆನ್ನಾಗಿ ನೆನಪಿತ್ತು. ಅವಳು ಹೇಳುತ್ತಿದ್ದಾಗ ಅವನು ಕಿವಿಗೆ ಫೋನು ಹಚ್ಚಿಕೊಂಡು ಯಾವುದೋ ವಧುವಿನ ಸೋದರಮಾವನಿಗೆ ಡ್ರೋನಿನ ವಿಷಯ ವಿವರಿಸುತ್ತಿದ್ದನು. ಅವಳ ಮಾತಿಗೂ ಮಾವನ ಮಾತಿಗೂ ಸೇರಿಸಿ ಒಂದೇ 'ಹೂಂ ಹೂಂ' ಹಾಕಿದ್ದನು.

"ಇದನ್ನ ನನಗಷ್ಟ ಹೇಳಾಕ ಬಂದೀರೋ, ಮತ್ತ ಯಾರಿಗರ ಹೇಳೀರೋ?" ಎಂದು ಕೇಳಿದಳು.

ಅವನಲ್ಲಿ ಒಂದು ಗುಣವಿತ್ತು, ಸುಳ್ಳು ಹೇಳಲು ಹೋದರೆ ಕಿವಿ ಕೆಂಪಾಗುತ್ತಿತ್ತು. ಆದುದರಿಂದ ನಿಜವನ್ನೇ ಹೇಳಿದನು. ನಾಲ್ಕು ತಾಲೂಕಿನ ಫೋಟೋಗ್ರಾಫರುಗಳ ವಾಟ್ಸ್ಯಾಪ್ ಬಳಗದಲ್ಲಿ, ಸವಣೂರಿನ ಅಂಗಡಿಯೊಂದರಲ್ಲಿ ಅರ್ಧ ಸ್ಪೀಡಿನ ಮಾಲು ಸಿಗುತ್ತದೆ, ಹುಷಾರು, ಎಂದು ಮುಂಜಾನೆಯೇ ಬರೆದಿದ್ದನು. ಬಳಗದಲ್ಲಿ ನೂರ ನಲವತ್ತು ಜನ. ಮುಂಜಾನೆಯಿಂದ ಮೂವರು ಗಿರಾಕಿಗಳು ಫೋನು ಮಾಡಿ, ತಮ್ಮ ಲ್ಯಾಪ್‌ಟಾಪನ್ನು ಬಿಚ್ಚಬೇಡಿ, ಬಂದು ಒಯ್ಯುತ್ತೇವೆ ಎಂದದ್ದು ಏತಕ್ಕೆಂಬುದು ಅವಳಿಗೆ ಈಗ ಹೊಳೆಯಿತು.

ಮಹೆಕ ಭೂತಗನ್ನಡಿಯನ್ನು ತೆಗೆದಿಟ್ಟಳು. ಅವಳ ದನಿ ಏರಲಿಲ್ಲ.

"ಇಲ್ಲಿ ನಾ ಇದನ್ನ ಬಿಚ್ಚೂದಿಲ್ಲ. ನಾಲ್ಕು ತಾಲೂಕಿನ ಮುಂದ ಅಂದೀರಿ, ನಾಲ್ಕು ತಾಲೂಕಿನ ಮುಂದ ಬಿಚ್ಚೂಣು. ಅಲ್ಲೀಮಟಾ ಇದರ ಸ್ಕ್ರೂಕ್ಕ ಯಾರೂ ಕೈ ಹಚ್ಚಬಾರ್ದು. ನೀವೂ ಹಚ್ಚಬಾರ್ದು, ನಾನೂ."

ಹೀಗೆಂದು ಲ್ಯಾಪ್‌ಟಾಪನ್ನು ಬೋರಲು ಹಾಕಿ, ಅದರ ಸಂದಿಗೆ ಅಡ್ಡಲಾಗಿ ಒಂದು ಕಾಗದದ ಪಟ್ಟಿಯನ್ನು ಅಂಟಿಸಿ, ಅದರ ಮೇಲೆ ಸಹಿ ಮಾಡಿ, ಪೆನ್ನನ್ನು ಅವನ ಕಡೆಗೆ ತಿರುಗಿಸಿದಳು. ಅವನೂ ಬಿಗುಮಾನದಿಂದ ಅವಳ ಹೆಸರಿನ ಪಕ್ಕದಲ್ಲಿ ತನ್ನ ಹೆಸರನ್ನು ಬರೆದನು. ಅಂಗಡಿಯ ಮೂಲೆಯ ಕುರ್ಚಿಯಲ್ಲಿ ಕುಳಿತಿದ್ದ ಅವಳ ತಂದೆ ಕರೀಮಸಾಬ ಕೆಮ್ಮಿದನು.

"ಇಬ್ಬರ ಸಹಿ ಆತು," ಎಂದನು. "ಸಾಕ್ಷಿ ಸಹಿ ನಂದೇನು?"

ಇಬ್ಬರಿಗೂ ನಗು ಬರಲಿಲ್ಲ. ಮುಸ್ತಾಕನ ಕಿವಿ ಮಾತ್ರ ಸುಳ್ಳು ಹೇಳದಿದ್ದರೂ ಕೆಂಪಾಯಿತು.

ಆ ಅಂಗಡಿಯ ಹಲಗೆಯ ಮೇಲೆ ಇಂದಿಗೂ 'ಕರೀಮಸಾಬ ವಾಚ್ ವರ್ಕ್ಸ್' ಎಂದೇ ಇದೆ. ಸವಣೂರಿನ ಪೇಟೆಯಲ್ಲಿ ಕೈಗಡಿಯಾರ ಕಟ್ಟಿದವರೆಲ್ಲರೂ ಒಂದಲ್ಲ ಒಂದು ದಿನ ಆ ಕಟ್ಟೆಯನ್ನು ಹತ್ತಿದವರೇ. ಕರೀಮಸಾಬನ ಕೈ ನಡುಗಲು ಆರಂಭವಾದ ವರ್ಷ, ಮಗಳು ಅವನ ಚಿಮಟಿಗೆ, ಸ್ಕ್ರೂಡ್ರೈವರು, ಭೂತಗನ್ನಡಿಗಳನ್ನು ಕೈಗೆತ್ತಿಕೊಂಡಳು. ಗಡಿಯಾರಗಳು ಕಡಿಮೆಯಾಗಿದ್ದವು, ಲ್ಯಾಪ್‌ಟಾಪುಗಳು ಹೆಚ್ಚಾಗಿದ್ದವು. ಹುಬ್ಬಳ್ಳಿಯಲ್ಲಿ ಒಂದು ವರ್ಷ ಆ ವಿದ್ಯೆಯನ್ನೂ ಕಲಿತು ಬಂದಳು. ಈಗ ಅವಳಿಗೆ ಮೂವತ್ತೊಂದು. ಒಳಗೆ ಇಣುಕಿದ ಗಿರಾಕಿಗಳು 'ಯಾರರ ಗಂಡಸ್ರು ಅದಾರೇನು' ಎಂದು ಕೇಳಿದಾಗಲೆಲ್ಲ, ಮೂಲೆಯಲ್ಲಿದ್ದ ತಂದೆಯನ್ನು ತೋರಿಸಿ, ಗಂಡಸರು ಅಲ್ಲಿದ್ದಾರೆ, ರಿಪೇರಿ ಮಾಡುವವಳು ಇಲ್ಲಿದ್ದೇನೆ, ಯಾರು ಬೇಕು ಹೇಳಿರೆಂದು ಕೇಳಿ ಕೇಳಿ ಅವಳ ನಾಲಿಗೆ ಹರಿತವಾಗಿತ್ತು. ಬಂದ ಸಂಬಂಧಗಳೆಲ್ಲವೂ ಅಂಗಡಿಯ ಮೆಟ್ಟಿಲನ್ನು ಎಡವಿಯೇ ಹಿಂದಿರುಗಿದ್ದವು.

ತಂದೆಯಿಂದ ಅವಳಿಗೆ ಕಸುಬಿನ ಜೊತೆಗೆ ಒಂದು ವ್ರತವೂ ಬಂದಿತ್ತು. ಗಡಿಯಾರ ರಿಪೇರಿಯವರು ತಾವು ಬಿಚ್ಚಿದ ಗಡಿಯಾರದ ಹಿಂಬದಿಯ ಮುಚ್ಚಳದ ಒಳಮೈಯಲ್ಲಿ, ಯಾರ ಕಣ್ಣಿಗೂ ಬೀಳದಂತೆ, ಸೂಜಿಯ ಮೊನೆಯಿಂದ ಕಂಡದ್ದನ್ನೂ ಮಾಡಿದ್ದನ್ನೂ ಗೀರಿಡುತ್ತಾರೆ. ಮುಂದೆ ಬಿಚ್ಚುವ ಕೈಗೆ ಅದು ಕಾಗದವಿದ್ದಂತೆ. ಆದರೆ ಕರೀಮಸಾಬನದೊಂದು ಕಟ್ಟಪ್ಪಣೆಯಿತ್ತು. ಮಾತನ್ನು ಯಾವಾಗ ಬೇಕಾದರೂ ಗೀರು, ತಾರೀಖನ್ನು ಮಾತ್ರ ಗಡಿಯಾರ ಒಂದು ಹಗಲು ಒಂದು ರಾತ್ರಿ ತಪ್ಪದೆ ನಡೆದ ಮೇಲೆಯೇ ಗೀರು. ತಾರೀಖಿಲ್ಲದ ಬರಹ ಪರೀಕ್ಷೆಯಾಗದ ಕೆಲಸ. ಮಹೆಕ ಸೂಜಿಯ ಬದಲು ಸಣ್ಣ ಮೊನೆಯ ಮಾರ್ಕರ್ ಪೆನ್ನನ್ನು ಹಿಡಿದಳು, ಉಳಿದುದೆಲ್ಲವೂ ತಂದೆಯದೇ.

ರವಿವಾರ ಶಿಗ್ಗಾವಿಯಲ್ಲಿ ಗುದ್ಲೆಪ್ಪನ ಸ್ಟುಡಿಯೋದಲ್ಲಿ ಬಳಗದ ಸಭೆ ಸೇರಿತು. ಗುದ್ಲೆಪ್ಪ ಆ ಬಳಗದ ಹಿರಿಯ. ಎಂದೂ ಹತ್ತು ಜನ ಕೂಡದ ಸಭೆಗೆ ಅಂದು ನಲವತ್ತು ಜನ ಬಂದಿದ್ದರು. ಮಹೆಕ ತಲೆಯ ಮೇಲೆ ದುಪಟ್ಟಾ ಸರಿಪಡಿಸಿಕೊಂಡು, ತಂದೆಯ ಸ್ಕ್ರೂಡ್ರೈವರು, ಚಿಮಟಿಗೆಗಳ ಹಿತ್ತಾಳೆಯ ಪೆಟ್ಟಿಗೆಯನ್ನು ಬಗಲಲ್ಲಿಟ್ಟುಕೊಂಡು ಒಬ್ಬಳೇ ಬಸ್ಸಿಳಿದು ಬಂದಳು. ನಲವತ್ತು ಜೋಡಿ ಕಣ್ಣುಗಳು ಅವಳ ಮೇಲಿದ್ದವು. ಅವಳ ಕಣ್ಣು ನೆಟ್ಟಗೆ ಮುಸ್ತಾಕ ತಂದಿಟ್ಟಿದ್ದ ಲ್ಯಾಪ್‌ಟಾಪಿನ ಕಾಗದದ ಪಟ್ಟಿಯ ಮೇಲಿತ್ತು. ಪಟ್ಟಿ ಹರಿದಿರಲಿಲ್ಲ.

ಸ್ಕ್ರೂಡ್ರೈವರನ್ನು ಅವಳು ಮುಸ್ತಾಕನ ಕೈಗೆ ಕೊಟ್ಟಳು. "ನೀವ ಬಿಚ್ಚ್ರಿ. ನಾ ಕೈ ಚಳಕ ಮಾಡಿದೆ ಅಂತ ನಾಳೆ ಮತ್ತ ಬರದೀರಿ."

ಹನ್ನೊಂದು ಸ್ಕ್ರೂಗಳು. ಕ್ಯಾಮೆರಾವನ್ನು ಗಂಟೆಗಟ್ಟಲೆ ಅಲುಗದಂತೆ ಹಿಡಿಯುವ ಕೈ ಐದನೆಯ ಸ್ಕ್ರೂವಿಗೆ ನಡುಗಿತು. ಸಾಸಿವೆಯಷ್ಟು ಸಣ್ಣ ಸ್ಕ್ರೂ ನೆಲಕ್ಕೆ ಉರುಳಿತು. ಇಬ್ಬರೂ ಒಟ್ಟಿಗೆ ಬಗ್ಗಿದರು, ಹಣೆಗೆ ಹಣೆ ಬಡಿಯುವುದು ಕೂದಲೆಳೆಯಲ್ಲಿ ತಪ್ಪಿತು.

"ಮದಿವ್ಯಾಗ ಕೈ ಹಿಂಗ ನಡುಗಿದ್ರ ವಿಡಿಯೋದಾಗ ವರಗ ಇಬ್ಬರು ವಧು ಕಾಣ್ತಾರ್ರಿ," ಎಂದಳು ಮೆಲ್ಲಗೆ. ಹತ್ತಿರವಿದ್ದವರು ನಕ್ಕರು. ಅವನೂ ನಕ್ಕನು, ತನ್ನ ಮೇಲಿನ ನಗೆಯಲ್ಲಿ ತಾನೂ ಪಾಲುಗಾರನಾಗಿ. ಅದು ಅವಳಿಗೆ ಅನಿರೀಕ್ಷಿತವಾಗಿತ್ತು.

ಮುಚ್ಚಳ ಎದ್ದಿತು. ಒಳಮೈಯಲ್ಲಿ ಇರುವೆಯ ಸಾಲಿನಂಥ ಅಕ್ಷರಗಳು. ಗುದ್ಲೆಪ್ಪನ ಅಪ್ಪಣೆಯಂತೆ ಮುಸ್ತಾಕ ಅದನ್ನು ಎತ್ತರದ ದನಿಯಲ್ಲಿ ಓದಬೇಕಾಯಿತು. 'ಎಸ್‌ಎಸ್‌ಡಿ ಹಾಕಿದೆ. ಲ್ಯಾಪ್‌ಟಾಪಿನ ದಾರಿ ಹಳೇದು. ಇನ್ನೂರೆಪ್ಪತ್ತರ ಮಟಾ. ಮಹೆಕ.' ಕೆಳಗೆ ಇಪ್ಪತ್ತಾರು ದಿನಗಳ ಹಿಂದಿನ ತಾರೀಖು. ಅವನು ಕಾಲು ಭಾಗ ಓದುವಷ್ಟರಲ್ಲಿಯೇ ದನಿ ಇಳಿದಿತ್ತು.

ದಾರಿ ಎಂದರೇನೆಂದು ಗುದ್ಲೆಪ್ಪ ಕೇಳಿದನು. ಮಹೆಕ ವಿವರಿಸಿದಳು. ಡ್ರೈವಿನಿಂದ ಮದರ್‌ಬೋರ್ಡಿಗೆ ಮಾಹಿತಿ ಹರಿಯುವ ದಾರಿ ಈ ಕಾಲದ ಯಂತ್ರಗಳಲ್ಲಿ ಅಗಲ, ಹದಿನಾಲ್ಕು ವರ್ಷದ ಹಿಂದಿನ ಈ ಲ್ಯಾಪ್‌ಟಾಪಿನಲ್ಲಿ ಅದರ ಅರ್ಧದಷ್ಟು ಇಕ್ಕಟ್ಟು. ಎಷ್ಟೇ ಚುರುಕಿನ ಡ್ರೈವು ಹಾಕಿದರೂ ಆ ಓಣಿಯಲ್ಲಿ ಅದು ಓಣಿಯ ವೇಗದಲ್ಲಿಯೇ ಹೋಗಬೇಕು. ಮಾತಿನಲ್ಲಿ ಹೇಳಿದ್ದನ್ನು ಕಣ್ಣಿಗೆ ತೋರಿಸಲೆಂದು ಅದೇ ಡ್ರೈವನ್ನು ಕಿತ್ತು ಗುದ್ಲೆಪ್ಪನ ಹೊಸ ಕಂಪ್ಯೂಟರಿಗೆ ಜೋಡಿಸಿದಳು. ಪರದೆಯ ಮೇಲೆ ಅಂಕಿಗಳು ಏರಿದವು. ಮುನ್ನೂರು, ನಾನೂರು, ಐನೂರ ಮೂವತ್ತೆಂಟು.

ಆಮೇಲೆ ಎಸ್‌ಎಸ್‌ಡಿ ಬಂದಿದ್ದ ಡಬ್ಬಿಯನ್ನು ಗುದ್ಲೆಪ್ಪನ ಮುಂದಿಟ್ಟು, ಐನೂರೈವತ್ತರ ಹಿಂದೆ ಸಣ್ಣ ಅಕ್ಷರದಲ್ಲಿ ಏನಿದೆ ಎಂದು ಕೇಳಿದಳು. ಅವನು ಕನ್ನಡಕ ಏರಿಸಿ ನೋಡಿದನು.

"ಅಪ್ ಟು ಅಂತ ಐತಿ, ತಂಗಿ."

"ಹಂಗಂದ್ರ ಏನ್ರಿ, ಅಣ್ಣಾರ?"

"ಮಟಾ."

"ಅಷ್ಟರಿ. ಅವರು ಐನೂರೈವತ್ತರ ಮಟಾ ಅಂತ ಬರದ್ರು, ನಾ ಇನ್ನೂರೆಪ್ಪತ್ತರ ಮಟಾ ಅಂತ ಬರದೆ. ಅವರದು ಮಾರೂ ಮಟಾ, ನಂದು ಖರೇ ಮಟಾ."

ಮುಸ್ತಾಕ ಎದ್ದು ನಿಂತನು. ತಪ್ಪು ತನ್ನದೆಂದೂ, ಹೇಳಿದಾಗ ಕಿವಿಗೊಡದೆ, ತಿಳಿಯದೆ ಒಂದು ಕಸುಬಿನ ಹೆಸರು ಕೆಡಿಸಿದೆನೆಂದೂ ನಲವತ್ತು ಜನರ ಮುಂದೆ ಹೇಳಿದನು. ನೆವ ಹೇಳಲಿಲ್ಲ, ಮಾತು ತಿರುಚಲಿಲ್ಲ. ಅಲ್ಲಿಯೇ ಫೋನು ತೆಗೆದು ಬಳಗಕ್ಕೆ ಅದನ್ನೇ ಬರೆದನು. ಮಹೆಕ ಪಕ್ಕದಲ್ಲಿ ನಿಂತು ಒಂದೊಂದು ಅಕ್ಷರವನ್ನೂ ನೋಡಿದಳು. ತನ್ನ ಹೆಸರಿನ ಜೊತೆಗೆ ಅಂಗಡಿಯ ಹೆಸರನ್ನೂ ಬರೆಯಿಸಿದಳು. ಅಷ್ಟಕ್ಕೆ ಬಿಡಲಿಲ್ಲ. ಅವನ ಮಾತಿನಿಂದ ಮೂವರು ಗಿರಾಕಿಗಳು ಹೋಗಿದ್ದಾರೆ, ಅವರನ್ನು ಅವನೇ ಕರೆತಂದು ಅಂಗಡಿಯ ಕಟ್ಟೆ ಹತ್ತಿಸಬೇಕು ಎಂದಳು. ಅವನು ಒಪ್ಪಿದನು.

ಆ ಮೂವರನ್ನು ಕರೆತರಲು ಮುಸ್ತಾಕ ಐದು ತಿಂಗಳು ತೆಗೆದುಕೊಂಡನು.

ಮೊದಲನೆಯವನನ್ನು ಹಾನಗಲ್ಲಿನಿಂದ ಮರುವಾರವೇ ತಂದನು. ಎರಡನೆಯವನಿಗೆ ಹಿರೇಕೆರೂರಿನಲ್ಲಿ ಮದುವೆಗಳ ಹಂಗಾಮೆಂದು ಅವನ ಪರವಾಗಿ ಕ್ಷಮೆ ಕೇಳಲು ನಾಲ್ಕು ಸಲ ತಾನೇ ಬಂದನು. ಮೂರನೆಯವನು ಆಡೂರಿನವನು, ಅವನ ವಿಷಯ ವಿಚಾರಿಸಲು ಎಷ್ಟು ಸಲ ಬಂದನೆಂಬುದನ್ನು ಕರೀಮಸಾಬನೂ ಲೆಕ್ಕ ಬಿಟ್ಟನು. ಮನೆಯಲ್ಲಿ ಇಬ್ಬರದೂ ಉರ್ದು. ಆದರೆ ಮೊದಲ ಜಗಳ ಕನ್ನಡದಲ್ಲಿ ಆಗಿದ್ದುದರಿಂದ ಇಬ್ಬರ ನಡುವೆ ಕನ್ನಡವೇ ಉಳಿಯಿತು. ಅದು ಅವರದೇ ಗುಟ್ಟಿನ ಭಾಷೆಯಂತಾಯಿತು.

ಬಂದಾಗಲೆಲ್ಲ ಅವನು ಒಂದು ಸಂಶಯ ತರುತ್ತಿದ್ದನು. ಓಣಿ ಇಕ್ಕಟ್ಟಾದರೆ ಲ್ಯಾಪ್‌ಟಾಪು ಇಷ್ಟು ಚುರುಕಾದದ್ದು ಹೇಗೆ? ಊರಿಂದೂರಿಗೆ ಒಂದೇ ದೊಡ್ಡ ಹೇರನ್ನು ಸಾಗಿಸುವ ಲೆಕ್ಕ ಬೇರೆ, ಊರೊಳಗೆ ನೂರು ಮನೆಗಳ ಕದ ತಟ್ಟುವ ಲೆಕ್ಕ ಬೇರೆ ಎಂದಳು ಅವಳು. ಹಳೆಯ ಡಿಸ್ಕಿನಲ್ಲಿ ಒಂದು ಮುಳ್ಳು ಮನೆಯಿಂದ ಮನೆಗೆ ತಿರುಗಾಡಿ ಹುಡುಕಬೇಕು, ಇದರಲ್ಲಿ ಮುಳ್ಳೇ ಇಲ್ಲ, ಕರೆದ ತಕ್ಷಣ ಎಲ್ಲ ಮನೆಗಳೂ ಓಗೊಡುತ್ತವೆ. ಹಾಗಾದರೆ ಸಿದ್ಧವಾದ ವಿಡಿಯೋ ಹೊರಬರಲು ಮೊದಲಿನಷ್ಟೇ ಹೊತ್ತು ಹಿಡಿಯುವುದೇಕೆ? ಅದು ಡ್ರೈವಿನ ಕೈಯಲ್ಲಿಲ್ಲ, ಪ್ರೊಸೆಸರಿನ ಕೈಯಲ್ಲಿದೆ ಎಂದು ಅವಳು ಇದ್ದುದನ್ನು ಇದ್ದಂತೆ ಹೇಳಿದಳು. ಆಗದುದನ್ನು ಆಗುತ್ತದೆನ್ನುವುದು ಅವಳಿಗೆ ಬರುತ್ತಿರಲಿಲ್ಲ.

"ಮೊದಲ ಇದು ಚಾಲೂ ಆಗೂಮಟಾ ಒಂದು ಚಾ ಮುಗಿಸ್ತಿದ್ದೆ," ಎಂದನು ಅವನು ಒಂದು ಮಧ್ಯಾಹ್ನ. "ಈಗ ಮೂವತ್ತೈದು ಸೆಕೆಂಡಿಗೆ ತೆರಿತೈತಿ."

"ಹಂಗಾರ ಒಂದು ಚಾ ಉಳೀತು."

"ಚಾ ಉಳೀಲಿಲ್ರಿ. ಕುಡಿಯೂ ನೆವ ಹೋತು. ಅದಕ್ಕ ಇಲ್ಲಿ ಬಂದೇನಿ."

ಅವಳು ಎದುರಿನ ಹೋಟೆಲಿನ ಕಡೆಗೆ ಕೈಯೆತ್ತಿ ಮೂರು ಬೆರಳು ತೋರಿಸಿದಳು. ಮೂರು ಚಹ ಬಂದವು. ಅಂದಿನಿಂದ ಕೈಯೆತ್ತುವ ಕೆಲಸವೂ ಉಳಿಯಿತು, ಅವನು ಕಟ್ಟೆ ಹತ್ತಿದರೆ ಚಹ ತಾನಾಗಿಯೇ ಬರುತ್ತಿತ್ತು.

ಭೂತಗನ್ನಡಿಯನ್ನು ಧರಿಸಿ ಅವಳು ಕೆಲಸದಲ್ಲಿ ಮುಳುಗಿರುವಾಗ ಅವನು ಅವಳ ಇನ್ನೊಂದು ಕಣ್ಣನ್ನು ನೋಡುತ್ತ ಕೂಡುತ್ತಿದ್ದನು. ಗಾಜಿನ ಹಿಂದಿನ ಕಣ್ಣು ಸ್ಕ್ರೂವಿನ ಮೇಲಿದ್ದರೂ ಆ ಬರಿಗಣ್ಣು ಅವನನ್ನು ಕಾಣುತ್ತಿತ್ತು. ಅದು ಅವನಿಗೆ ತಿಳಿದಿರಲಿಲ್ಲ. ಆ ಸಡಿಲು ಗುಂಡಿ ಇನ್ನೂ ಹಾಗೆಯೇ ತೂಗುತ್ತಿದೆಯಲ್ಲ ಎಂದು ಅವನು ಬಂದಾಗಲೆಲ್ಲ ಅವಳು ನೋಡುತ್ತಿದ್ದಳು. ತಾನು ಹೀಗೆ ನೋಡುತ್ತೇನೆಂಬುದು ಅವಳಿಗೇ ಬೇಡವಾಗಿದ್ದ ತಿಳಿವು.

"ನಾ ಎಷ್ಟೋ ಮದಿವಿ ತಗದೇನಿ," ಎಂದನು ಇನ್ನೊಂದು ದಿನ. "ಎಲ್ಲಾ ವಧೂನೂ ಕೆಳಗ ನೋಡ್ತಾರ. ನೀವು ಒಮ್ಮೆನೂ ಕೆಳಗ ನೋಡೂದು ಕಾಣಲಿಲ್ಲ."

"ನೋಡ್ತೇನ್ರಿ, ಸ್ಕ್ರೂ ಬಿದ್ದಾಗ."

ಆ ಇನ್ನೂರೆಪ್ಪತ್ತನ್ನು ಯಾವ ರೀತಿಯಿಂದಲೂ ಹಿಗ್ಗಿಸಲಾಗದೇ ಎಂದು ಅವನು ಕೇಳಿದುದು ಮೂರನೆಯ ಗಿರಾಕಿ ಬಂದುಹೋದ ದಿನ. ಇನ್ನು ಬರಲು ನೆವ ಉಳಿದಿರಲಿಲ್ಲ, ಆದುದರಿಂದ ಏಳಲು ತಡಮಾಡುತ್ತಿದ್ದನು. ಆಗುವುದಿಲ್ಲವೆಂದಳು ಮಹೆಕ. ಬೋರ್ಡು ಅಚ್ಚಾಗುವಾಗಲೇ ಆ ದಾರಿಯೂ ಅಚ್ಚಾಗಿದೆ.

"ಯಂತ್ರದ್ದೇನು ತಪ್ಪಿಲ್ರಿ. ಅದು ಹಂಗ ಹುಟ್ಟೈತಿ, ಹಂಗ ಇರ್ತೈತಿ. ಆ ನೆವ ಯಂತ್ರಕ್ಕ ಐತಿ, ಮನುಷ್ಯಾಗ ಇಲ್ಲ."

ಅವನು ಆ ಮಾತನ್ನು ಮನಸ್ಸಿನೊಳಗೆ ಮಡಚಿಟ್ಟುಕೊಂಡನು. ಆಮೇಲೆ, ತನ್ನ ತಾಯಿಯನ್ನು ಅವಳ ಮನೆಗೆ ಕಳಿಸಲೇ ಎಂದು ಕೇಳಿದನು. ಮಹೆಕಳ ಕೈಯಲ್ಲಿದ್ದ ಚಿಮಟಿಗೆ ಅಲುಗಲಿಲ್ಲ. ಆದರೆ ಚಿಮಟಿಗೆಯಲ್ಲಿದ್ದ ಸ್ಕ್ರೂ ತನ್ನ ತೂತನ್ನು ಮೂರು ಸಲ ತಪ್ಪಿತು.

"ಕಳಸ್ರಿ," ಎಂದಳು.

ಅವನ ತಾಯಿ ಹಾಜರಾಬಿ ತನ್ನ ಅಕ್ಕ ಅಖ್ತರುನ್ನೀಸಾಳನ್ನು ಜೊತೆಗೆ ಕರೆದುಕೊಂಡು ಬಂದಳು. ಸವಣೂರಿನ ಖಾರಾ, ಸಿಹಿ, ಚಹ ಎಲ್ಲವೂ ಮುಗಿದವು. ಇಬ್ಬರೂ ಹುಡುಗಿಯನ್ನು ಮೆಚ್ಚಿದರು. ಬಾಗಿಲ ಬಳಿ ಕುಳಿತಿದ್ದ ಮುಸ್ತಾಕನ ಮುಖದಲ್ಲಿ ಹಬ್ಬದ ಚಂದ್ರ ಕಂಡವರ ಕಳೆಯಿತ್ತು. ಏಳುವ ಮುನ್ನ ಅಖ್ತರುನ್ನೀಸಾ, ಎಲ್ಲರಿಗೂ ತಿಳಿದದ್ದನ್ನೇ ಹೇಳುವವಳಂತೆ, ಅಂಗಡಿಯ ಮಾತು ತೆಗೆದಳು. ಹುಡುಗಿಯ ಕೈಯಲ್ಲಿ ಹುನರ್ ಇದೆ, ಕಸುಬಿನ ಜಾಣತನವಿದೆ, ಒಳ್ಳೆಯದೇ. ದುಕಾನು ನಡೆಯಲಿ, ಶಾದಿ ತಕ್.

'ತಕ್' ಎಂಬ ಆ ಒಂದೂವರೆ ಅಕ್ಷರ ಮಹೆಕಳ ಕಿವಿಯಲ್ಲಿ ನಿಂತಿತು. ಡಬ್ಬಿಯ ಮೇಲೆ ಇಂಗ್ಲಿಷಿನಲ್ಲಿ ಅಪ್ ಟು, ಮುಚ್ಚಳದ ಒಳಗೆ ಕನ್ನಡದಲ್ಲಿ ಮಟಾ, ಈಗ ಮನೆಯ ಚಾಪೆಯ ಮೇಲೆ ಉರ್ದುವಿನಲ್ಲಿ ತಕ್. ಮೂರು ಭಾಷೆಗಳಲ್ಲಿ ಬಂದರೂ ಬೇಲಿ ಒಂದೇ.

ಅವಳು ಬೇಕೆಂದೇ ಕನ್ನಡದಲ್ಲಿ ಕೇಳಿದಳು. "ಖಾಲಾ, ನಿಮ್ಮ ಹುಡುಗ ಕ್ಯಾಮೆರಾ ಹಿಡಿಯೂದೂ ಮದಿವಿ ಮಟಾ ಏನ್ರಿ?"

ಅಖ್ತರುನ್ನೀಸಾಳ ಹುಬ್ಬು ಏರಿತು. ಹಾಜರಾಬಿ ಮಗನ ಮುಖ ನೋಡಿದಳು. ಮಹೆಕಳೂ ನೋಡಿದಳು. ಅವನು ಕೈಯಲ್ಲಿದ್ದ ಬರಿಯ ಕಪ್ಪಿನ ತಳವನ್ನು ಪರೀಕ್ಷಿಸುತ್ತಿದ್ದನು. ಅವಳು ಮನಸ್ಸಿನಲ್ಲಿಯೇ ಎಣಿಸುತ್ತ ಕಾದಳು. ಮೂವತ್ತೈದು ಸೆಕೆಂಡು. ಅವನ ಹಳೆಯ ಲ್ಯಾಪ್‌ಟಾಪು ಅಷ್ಟರಲ್ಲಿ ತೆರೆದುಕೊಳ್ಳುತ್ತಿತ್ತು. ಅವನ ಬಾಯಿ ತೆರೆದುಕೊಳ್ಳಲಿಲ್ಲ.

"ಡಬ್ಬಿ ಮ್ಯಾಲೆ ಮಟಾ ಅಂತ ಬರದವರು ಅದನ್ನ ಮಾಡಿದವರು," ಎಂದಳು ಮಹೆಕ. "ನನ್ನ ಮ್ಯಾಲೆ ಬರಿಯೂ ಹಕ್ಕ ಯಾರಿಗೂ ಇಲ್ರಿ. ಈ ಮಾತು ಇಲ್ಲಿಗೆ ಬಿಡ್ರಿ."

ಬಂದವರು ಎದ್ದರು. ಕರೀಮಸಾಬನು ಮಗಳನ್ನು ಗದರಿಸಲಿಲ್ಲ. ತಾನು ಹೆಣ್ಣು ಕೊಡುವುದಿಲ್ಲವೆಂದಿಲ್ಲ, ಅವಳು ಅಂಗಡಿ ಕೊಡುವುದಿಲ್ಲವೆಂದಿದ್ದಾಳೆ, ಎರಡೂ ಬೇರೆ ಎಂದಷ್ಟೇ ಬಾಗಿಲವರೆಗೆ ಹೋಗಿ ಹೇಳಿ ಬಂದನು.

ಒಂದು ತಿಂಗಳು ಕಳೆಯಿತು. ಮುಸ್ತಾಕನ ಫೋನು ಬಂದಾಗಲೆಲ್ಲ ಮಹೆಕ ಅದನ್ನು ಬೋರಲು ಹಾಕಿ ಕೆಲಸ ಮುಂದುವರಿಸಿದಳು. ಹೋಟೆಲಿನವನು ರೂಢಿಯಿಂದ ಮೂರು ಚಹ ಕಳಿಸುತ್ತಿದ್ದನು, ಅವಳು ಒಂದನ್ನು ಹಿಂದಿರುಗಿಸುತ್ತಿದ್ದಳು. ಅವಳಿಗೆ ನೋವಾಗಿದ್ದುದು ಅಖ್ತರುನ್ನೀಸಾಳ ಮಾತಿನಿಂದಲ್ಲ. ಅಂಥ ಮಾತುಗಳನ್ನು ಅವಳು ಹತ್ತು ವರ್ಷಗಳಿಂದ ಬಲ್ಲಳು. ನಲವತ್ತು ಜನರ ಮುಂದೆ ಎದ್ದು ನಿಂತು ತಪ್ಪೊಪ್ಪಿದ ಗಂಡು ಇಬ್ಬರು ಹೆಂಗಸರ ಮುಂದೆ ಕಪ್ಪಿನ ತಳ ನೋಡಿದನಲ್ಲ ಎಂಬುದು ಮುಳ್ಳಾಗಿತ್ತು. ಅವನನ್ನು ಬಯಸಿದ್ದು ತಪ್ಪೆಂದು ಮಾತ್ರ ಅವಳು ತನಗೆ ತಾನು ಒಮ್ಮೆಯೂ ಹೇಳಿಕೊಳ್ಳಲಿಲ್ಲ. ಬಯಕೆ ಅವಳದು, ಅದಕ್ಕೂ ಅವಳು ತಲೆ ತಗ್ಗಿಸಲು ಸಿದ್ಧಳಿರಲಿಲ್ಲ.

ಒಂದು ದಿನ ಗುದ್ಲೆಪ್ಪ ಒಂದು ಚೀಲ ಹಿಡಿದು ಬಂದನು. ಚೀಲದಲ್ಲಿ ಅದೇ ಲ್ಯಾಪ್‌ಟಾಪು. ಫ್ಯಾನು ಬಹಳ ಸಪ್ಪಳ ಮಾಡುತ್ತಿದೆಯಂತೆ, ಮಾಲೀಕನಿಗೆ ಬರಲು ಮುಖವಿಲ್ಲವಂತೆ. ಇಬ್ಬರ ನಡುವೆ ತಾನು ಅಂಚೆಯವನಾದೆನೆಂದು ಗೊಣಗಿ ಅವನು ಹೋದನು.

ಮಹೆಕ ಹನ್ನೊಂದು ಸ್ಕ್ರೂಗಳನ್ನು ಬಿಚ್ಚಿದಳು. ಫ್ಯಾನಿನಲ್ಲಿ ಧೂಳು ಹೆಚ್ಚೇನೂ ಇರಲಿಲ್ಲ. ಮುಚ್ಚಳದ ಒಳಮೈಯಲ್ಲಿ, ಅವಳ ಇರುವೆ ಸಾಲಿನ ಕೆಳಗೆ, ಬೇರೊಂದು ಕೈ ಸೊಟ್ಟ ಸೊಟ್ಟ ಅಕ್ಷರಗಳಲ್ಲಿ ಬರೆದಿತ್ತು. 'ಅಂಗಡಿಗೆ ಮಟಾ ಇಲ್ಲ. ನನಗ ನೆವ ಇಲ್ಲ. ಮುಸ್ತಾಕ.'

ಅವಳು ಭೂತಗನ್ನಡಿಯನ್ನು ಧರಿಸಿ ಅದನ್ನು ಮತ್ತೊಮ್ಮೆ ಓದಿದಳು. ಗಾಜಿನಲ್ಲಿ ಒಂದೊಂದು ಅಕ್ಷರವೂ ಬೆಟ್ಟದಂತೆ ಕಂಡಿತು, ಪೆನ್ನು ತಡೆದು ನಿಂತ ಜಾಗಗಳಲ್ಲಿ ಮಸಿ ಹರಡಿಕೊಂಡಿತ್ತು. ಗಾಜು ಮಸುಕಾಯಿತು. ತೆಗೆದು ಒರೆಸಿಕೊಂಡಳು, ಗಾಜಿನ ತಪ್ಪೇನೂ ಇರಲಿಲ್ಲ. ಇದನ್ನು ಅವನು ಯಾವಾಗ ಬರೆದಿರಬಹುದೆಂದು ಕೆಳಗೆ ನೋಡಿದಳು. ತಾರೀಖಿರಲಿಲ್ಲ.

ಅವಳ ಮನಸ್ಸು ಓಡಿಹೋಗಿ ಅವನಿಗೆ ಫೋನು ಮಾಡಬೇಕೆಂದಿತು. ಅವಳೊಳಗಿನ ಕರೀಮಸಾಬನ ಮಗಳು ಅದರ ಕೈ ಹಿಡಿದಳು. ಮುಚ್ಚಳದ ಒಳಗೆ ಬರೆಯುವುದು ಸುಲಭ, ಅಲ್ಲಿ ಇಬ್ಬರ ಕಣ್ಣು ಬಿಟ್ಟರೆ ಮೂರನೆಯ ಕಣ್ಣಿಲ್ಲ. ಅವಳು ಫ್ಯಾನನ್ನು ಒರೆಸಿ, ಎಣ್ಣೆ ಬಿಟ್ಟು, ಒಂದು ಹಗಲು ಒಂದು ರಾತ್ರಿ ಓಡಿಸಿ ನೋಡಿ, ಮರುದಿನ ಗುದ್ಲೆಪ್ಪನಿಗೆ ಹಿಂದಿರುಗಿಸಿದಳು.

"ಫ್ಯಾನ್ ಕೆಲಸ ಮುಗಿದೈತಿ ಅಂತ ಹೇಳ್ರಿ. ಒಳಗಿನ ಇನ್ನೊಂದು ಕೆಲಸದ ಮ್ಯಾಲೆ ತಾರೀಖ ಇಲ್ಲ. ಹಂಗಂದ್ರ ಅವರಿಗೆ ತಿಳಿತೈತಿ."

ಗುದ್ಲೆಪ್ಪನಿಗೆ ತಿಳಿಯಲಿಲ್ಲ. ತಿಳಿಯಬೇಕಾದವನಿಗೆ ತಿಳಿಯಿತು. ಅಂಗಡಿಯ ಮೂಲೆಯಲ್ಲಿ ಕುಳಿತು ಚಹ ಕುಡಿಯುತ್ತ ಕರೀಮಸಾಬನಿಂದ ಅವನು ಆ ಕಟ್ಟಪ್ಪಣೆಯ ಕಥೆಯನ್ನು ಏನಿಲ್ಲೆಂದರೂ ಹತ್ತು ಸಲ ಕೇಳಿದ್ದನು.

ಹದಿನೈದು ದಿನಗಳಾದ ಮೇಲೆ, ಸಂತೆಯ ದಿನ, ಪೇಟೆಯಲ್ಲಿ ಕಾಲಿಡಲು ಜಾಗವಿಲ್ಲದ ಹೊತ್ತಿನಲ್ಲಿ ಹಾಜರಾಬಿ ಅಂಗಡಿಯ ಕಟ್ಟೆ ಹತ್ತಿ ಬಂದು ಗಿರಾಕಿಗಳ ಸ್ಟೂಲಿನ ಮೇಲೆ ಕುಳಿತಳು. ಹಿಂದೆ ಮುಸ್ತಾಕನಿದ್ದನು, ಬಗಲಲ್ಲಿ ಲ್ಯಾಪ್‌ಟಾಪು. ಅವನ ಎರಡನೆಯ ಗುಂಡಿಯನ್ನು ಯಾರೋ ನೀಲಿ ದಾರದಿಂದ ಅಡ್ಡಾದಿಡ್ಡಿಯಾಗಿ ಹೊಲಿದಿದ್ದರು. ಬಿಳಿಯ ಅಂಗಿಗೆ ನೀಲಿ ದಾರ ಹಾಕಿದವನು ಅವನೇ ಎಂಬುದರಲ್ಲಿ ಮಹೆಕಳಿಗೆ ಸಂಶಯ ಉಳಿಯಲಿಲ್ಲ.

ಮನೆಗೆ ಹೋಗೋಣವೆಂದು ಕರೀಮಸಾಬ ಎದ್ದನು. ಹಾಜರಾಬಿ ಬೇಡವೆಂದಳು. ಮನೆಯಲ್ಲಿ ಕೇಳಿ ಆಗಿದೆ, ಇದು ಅಂಗಡಿಯಲ್ಲಿ ಕೇಳುವ ಮಾತು. ಹೀಗೆಂದು ಅವಳು, ದೂರು ಹೇಳುವವಳಂತೆ, ನಡೆದುದನ್ನೆಲ್ಲ ಹೇಳಿದಳು. ಅಂದು ಮನೆಗೆ ಬಂದವನೇ ಮಗ ಕ್ಯಾಮೆರಾವನ್ನು ಕಪಾಟಿನೊಳಗಿಟ್ಟು ಬೀಗ ಹಾಕಿದನಂತೆ. ಅವಳ ಅಂಗಡಿ ಮದುವೆಯ ಮಟಾ ಆದರೆ ತನ್ನ ಕಸುಬೂ ಮದುವೆಯ ಮಟಾ, ಇಂದಿನಿಂದಲೇ ರೂಢಿ ಮಾಡಿಕೊಳ್ಳುತ್ತೇನೆಂದನಂತೆ. ತಾಯಿ ಅದನ್ನು ಹುಡುಗಾಟವೆಂದುಕೊಂಡಳು. ಹೋದ ವಾರ ಬಂಕಾಪುರದಲ್ಲಿ ಅಖ್ತರುನ್ನೀಸಾಳ ಮೊಮ್ಮಗಳ ಮದುವೆಯಲ್ಲಿ ಬರಿಗೈಯಲ್ಲಿ ಕುಳಿತವನನ್ನು, ಕ್ಯಾಮೆರಾ ಏಕೆ ತರಲಿಲ್ಲವೆಂದು ಬೀಗರೆಲ್ಲರೂ ಕೇಳಿದರು. ಹುಡುಗನ ಕೈಗೆ ಮೈಕು ಸಿಕ್ಕಿತು.

"ಇದನ್ನ ಎಲ್ಲಾ ಐನೂರು ಮಂದಿ ಕೇಳಾಂಗ ಹೇಳಿದನವ್ವಾ," ಎಂದಳು ಹಾಜರಾಬಿ. "ನಮ್ಮಕ್ಕನ ಮಾರಿ ನೋಡಬೇಕಿತ್ತು ನೀ." ಅವಳ ತುಟಿಯ ಕೊನೆಯಲ್ಲಿ ತಡೆಹಿಡಿದ ನಗೆಯೊಂದಿತ್ತು. ಆಮೇಲೆ ಅವಳು ಸೆರಗನ್ನು ಸರಿಪಡಿಸಿಕೊಂಡು ನೆಟ್ಟಗೆ ಕುಳಿತಳು. "ಅವತ್ತು ನೀ ಕನ್ನಡದಾಗ ಕೇಳಿದಿ, ಕನ್ನಡದಾಗ ಜವಾಬ ಹೇಳಾಕ ಬಂದೇನಿ. ಅಂಗಡಿ ನಿಂದು. ಹುಲಗೂರಿಂದ ದಿನಾ ಬಸ್ಸ ಐತಿ, ದಿನಾ ಬಾ. ಎಲ್ಲೀಮಟಾ ಅಂತ ನಮ್ಮ ಮನ್ಯಾಗ ಯಾರೂ ಕೇಳೂದಿಲ್ಲ."

ಪಕ್ಕದ ಅಂಗಡಿಯ ಎಲೆ ಮಾರುವ ಸರೋಜವ್ವ ಎಲೆ ಎಣಿಸುವುದನ್ನು ನಿಲ್ಲಿಸಿದ್ದಳು. ಕಟ್ಟೆಯ ಕೆಳಗೆ ನಾಲ್ಕೈದು ಜನ ನಿಂತಿದ್ದರು. ಮಹೆಕ ಅವರನ್ನು ಹೋಗಿರೆನ್ನಲಿಲ್ಲ. ಅವಳು ಹಾಜರಾಬಿಯ ಕೈಯನ್ನು ಎರಡೂ ಕೈಗಳಿಂದ ಹಿಡಿದು ಹಣೆಗೆ ಒತ್ತಿಕೊಂಡಳು. ಬಳಿಕ ತಲೆಯೆತ್ತಿ, ತಾಯಿಯ ಹೆಗಲ ಮೇಲಿನಿಂದ ಮಗನನ್ನು ನೋಡಿದಳು.

"ಅಮ್ಮೀ ಹೇಳಿದ್ರು. ನಿಮ್ಮದು?"

"ಅವತ್ತು ನಾ ಬಾಯಿ ಬಿಡಲಿಲ್ಲ," ಎಂದನು ಮುಸ್ತಾಕ. ಅವನ ದನಿ ಸಂತೆಯ ಗದ್ದಲದ ಮೇಲೆ ಎದ್ದು ನಿಂತಿತು. "ಲ್ಯಾಪ್‌ಟಾಪ ಹುಟ್ಟಿದ್ದು ಹಂಗ. ನಾ ಹಂಗ ಹುಟ್ಟಿಲ್ಲ, ಅಂಜಿದೆ ಅಷ್ಟ. ನನಗ ನೀವು ಬೇಕು. ಅಂಗಡಿ ಬಿಟ್ಟು ಬಂದಾಕಿ ಬ್ಯಾಡ. ಈ ಭೂತಗನ್ನಡಿ, ಈ ನಾಲಿಗಿ, ಎಲ್ಲಾ ಸುದ್ದಾ ನೀವು ಬೇಕು."

ಮಹೆಕ ಕೈ ಚಾಚಿದಳು. ಅವನು ಲ್ಯಾಪ್‌ಟಾಪನ್ನು ಕೊಟ್ಟನು, ಈ ಸಲ ಬಹಳ ಮೆಲ್ಲಗೆ ಇಳಿಸಿ. ಅವಳು ಅದನ್ನು ಬೋರಲು ಹಾಕಿ ಹನ್ನೊಂದು ಸ್ಕ್ರೂಗಳನ್ನು ಒಂದೊಂದಾಗಿ ತೆಗೆದು ತಟ್ಟೆಯಲ್ಲಿಟ್ಟಳು. ಮುಚ್ಚಳವನ್ನೆತ್ತಿ, ಸಣ್ಣ ಮೊನೆಯ ಪೆನ್ನಿನಿಂದ ಅವನ ಸೊಟ್ಟ ಸಾಲಿನ ಕೆಳಗೆ ಆ ದಿನದ ತಾರೀಖನ್ನು ಬರೆದಳು.

ಕರೀಮಸಾಬ ಮೂಲೆಯಿಂದ ಎದ್ದು ಬಂದು ಬಗ್ಗಿ ನೋಡಿದನು.

"ಪರೀಕ್ಷೆ ಆತೇನು?"

"ಆತು, ಅಬ್ಬಾ."

ಎದುರಿನ ಹೋಟೆಲಿನಿಂದ ಯಾರೂ ಕೈಯೆತ್ತದೆಯೇ ನಾಲ್ಕು ಚಹ ಬಂದವು. ಮಹೆಕ ಸ್ಕ್ರೂಡ್ರೈವರನ್ನು ಮುಸ್ತಾಕನ ಕೈಗೆ ಕೊಟ್ಟು, ಬಿಚ್ಚಿದ್ದು ತಾನು, ಹಾಕುವುದು ಅವನೆಂದಳು. ಅವನು ಬಗ್ಗಿ ಮೊದಲ ಸ್ಕ್ರೂ ಹಾಕಿದನು, ಎರಡನೆಯದು ಹಾಕಿದನು. ಮೂರನೆಯದಕ್ಕೆ ತಲೆಯೆತ್ತಿದಾಗ ಅವಳ ಕಣ್ಣು ನೆಲದ ಮೇಲಿತ್ತು.

"ಸ್ಕ್ರೂ ಬಿದ್ದಿಲ್ಲಲ್ರಿ," ಎಂದನು ಅವಳಿಗಷ್ಟೇ ಕೇಳುವಂತೆ. "ಯಾಕ ಕೆಳಗ ನೋಡಾಕತ್ತೀರಿ?"

"ಬೀಳಿಸ್ತೀರಿ ಅಂತ ಗೊತ್ತೈತಿ," ಎಂದಳು ಮಹೆಕ. ಹಾಗೆಂದು ತಲೆಯೆತ್ತಿ, ತುಂಬಿದ ಸಂತೆಯ ನಡುವೆ, ಅವನ ಕಣ್ಣಿನಲ್ಲಿ ಕಣ್ಣಿಟ್ಟು ನೋಡಿದಳು. ಅವನ ಕೈಯಿಂದ ಮೂರನೆಯ ಸ್ಕ್ರೂ ಉರುಳಿ ಕಟ್ಟೆಯ ಕೆಳಗೆ ಬಿದ್ದಿತು.